ಬಿಟ್ಟಿಯೂ ಬಿಲ್ಡಿಂಗೂ

ಹೊಸಪೇಟೆಯಲ್ಲಿ ಬೆಳಿಗ್ಗೆ ಒಗ್ಗರಣೆ-ಮಿರ್ಚಿ ಕೊಡುವ ಯಾವ ಹೋಟೆಲಿಗೆ ಹೋಗಿ ಕೂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. “ಈ ಬಿಟ್ಟಿ ಭಾಗ್ಯ ಎಲ್ಲಾ ಬಂದ್ ಮಾಡಿ, ಆ ರೊಕ್ಕಾನ ಸಾಲಿಗೆ ಹಾಕಿದ್ರ ದೇಶ ಎಲ್ಲಿಗೋ ಹೋಗಿರ್ತಿತ್ತು ನೋಡ್ರಿ.” ಎದುರಿಗೆ ಕೂತವರು ಮಿರ್ಚಿ ಕಚ್ಚುತ್ತ ತಲೆಯಾಡಿಸುತ್ತಾರೆ. ತಕರಾರು ಎತ್ತುವವರು ಯಾರೂ ಇಲ್ಲ. ಎತ್ತುವುದಾದರೂ ಹೇಗೆ? ಶಾಲೆ ಬೇಡ ಅಂದವನು ಕೆಟ್ಟವನೇ ಆಗಿರಬೇಕಲ್ಲ. ನಾನೂ ಬಹಳ ವರ್ಷ ತಲೆಯಾಡಿಸಿದವನೇ.

ಈ ಒಂದು ಮಾತಿನ ಹೊಟ್ಟೆಯೊಳಗೆ ಎರಡು ಮಾತು ಅಡಗಿವೆ. ನಮ್ಮ ಶಾಲೆಗಳು ಹೀಗಿರುವುದು ದುಡ್ಡಿಲ್ಲದ್ದಕ್ಕೆ ಎಂಬುದು ಮೊದಲನೆಯದು. ಬಡವರ ಕೈಗೂ ಹೊಟ್ಟೆಗೂ ಕೊಟ್ಟದ್ದು ಪೋಲು, ಶಾಲೆಗೆ ಕೊಟ್ಟದ್ದು ಬಂಡವಾಳ ಎಂಬುದು ಎರಡನೆಯದು. ಶಾಲೆ ಗಟ್ಟಿಯಾಯಿತೋ, ಮೇಲು-ಕೀಳು ತಾನಾಗಿ ಕರಗುತ್ತದೆ ಎಂಬ ನಂಬಿಕೆ ಇವೆರಡನ್ನೂ ಹೆತ್ತ ತಾಯಿ. ಹೊಸಪೇಟೆ, ಸಂಡೂರು, ಕಂಪ್ಲಿ, ಹಂಪಿಗಳ ನಡುವೆ ನಾಲ್ಕು ಮಳೆಗಾಲ ಓಡಾಡಿದವರಿಗೆ ಈ ನಂಬಿಕೆ ಉಳಿಯುವುದು ಕಷ್ಟ. ಕರ್ನಾಟಕದಲ್ಲಿ ದುಡ್ಡಿಗೆ ಬರ ಇಲ್ಲದ ಒಂದು ಸೀಮೆ ಇದ್ದರೆ ಅದು ಇದೇ.

ಲೆಕ್ಕ ನೋಡಿ. ಚೀನಾ ಅದಿರಿಗೆ ಬಾಯಿ ತೆರೆದದ್ದೇ ತಡ, ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿನ ದಾರಿ ಹಿಡಿದವು. ಅಕ್ರಮ ಗಣಿಗಾರಿಕೆಯ ಬಗ್ಗೆ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಲೋಕಾಯುಕ್ತ ವರದಿ 2011ರ ಜುಲೈ 27ರಂದು ಬಂದಾಗ, ಸರ್ಕಾರದ ಬೊಕ್ಕಸಕ್ಕೆ ಆದ ನಷ್ಟವೇ 16,085 ಕೋಟಿ ರೂಪಾಯಿ ಎಂದಿತು. ನಷ್ಟವೇ ಅಷ್ಟಾದರೆ ಲಾಭ ಎಷ್ಟಿದ್ದಿರಬೇಕು, ಊಹಿಸಿಕೊಳ್ಳಿ. ಎರಡು ದಿನ ಬಿಟ್ಟು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಗಣಿಗಳು ಮತ್ತೆ ಬಾಗಿಲು ತೆರೆದಾಗ, ಹಾಳಾದ ನೆಲವನ್ನೂ ಬದುಕನ್ನೂ ಸರಿಮಾಡಲೆಂದು ಅದಿರಿನ ಹಣದಲ್ಲಿ ಪಾಲು ಎತ್ತಿಡಲಾಯಿತು. ಅದರಿಂದ ರೂಪಿಸಿದ ಗಣಿಬಾಧಿತ ಪ್ರದೇಶದ ಪುನಶ್ಚೇತನ ಯೋಜನೆಯ ಗಾತ್ರ ಸುಮಾರು 25 ಸಾವಿರ ಕೋಟಿ. ಇದು ಒಂದು ಗಂಟು. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನ ಇನ್ನೊಂದು ಗಂಟು: ಹಳೆಯ ಗುತ್ತಿಗೆಯ ಗಣಿಗಳು ರಾಯಲ್ಟಿಯ ಶೇ 30ರಷ್ಟು, ಹರಾಜಿನಲ್ಲಿ ಹಿಡಿದ ಗಣಿಗಳು ಶೇ 10ರಷ್ಟು ಅದಕ್ಕೆ ಕಟ್ಟಬೇಕು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ. ಕಂಪನಿಗಳ ಸಿಎಸ್‌ಆರ್ ಬೇರೆ.

ಇಷ್ಟೆಲ್ಲ ಗಂಟುಗಳ ನಡುವೆ ಒಂದು ಅಂಕಿ ಮಾತ್ರ ನನ್ನನ್ನು ಬಿಡದೆ ಕಾಡುತ್ತದೆ. ಅದಿರಿನ ಸುಗ್ಗಿ ಮುಗಿಯುವ ಹೊತ್ತಿಗೆ ಸರಿಯಾಗಿ 2011ರ ಜನಗಣತಿ ಬಂತು. ಆಗಿನ್ನೂ ಒಡೆಯದಿದ್ದ ಬಳ್ಳಾರಿ ಜಿಲ್ಲೆಯ ಸಾಕ್ಷರತೆ ಶೇ 67.43, ಇಡೀ ರಾಜ್ಯದ್ದು ಶೇ 75.36. ಹೆಂಗಸರದು ಶೇ 58ರ ಆಸುಪಾಸು. ಗಣಿ ಧಣಿಗಳ ಹೆಲಿಕಾಪ್ಟರ್ ಹಾರಾಡುತ್ತಿದ್ದ ಜಿಲ್ಲೆಯಲ್ಲಿ ಹತ್ತು ಹೆಂಗಸರಲ್ಲಿ ನಾಲ್ವರಿಗೆ ತಮ್ಮೂರಿನ ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ಅದಕ್ಕೂ ಮೊದಲೇ, 2002ರ ನಂಜುಂಡಪ್ಪ ವರದಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತ್ತು. ನೆಲದೊಳಗೆ ಅಷ್ಟೊಂದು ಕಬ್ಬಿಣ ಇಟ್ಟುಕೊಂಡ ಸಂಡೂರು ಆ ಪಟ್ಟಿಯಲ್ಲಿತ್ತು.

ದುಡ್ಡು ಬಂದರೆ ಓದು ಬರುತ್ತದೆ ಎಂಬ ಲೆಕ್ಕ ಹಾಗಾದರೆ ಎಲ್ಲಿ ತಪ್ಪಿತು? ಸುಗ್ಗಿಯ ಕಾಲದಲ್ಲಿ ಕಾರಿಗನೂರು, ಪಾಪಿನಾಯಕನಹಳ್ಳಿ ಕಡೆ ಹೋದವರಿಗೆ ಇದಕ್ಕೆ ಪುಸ್ತಕ ತಿರುವಬೇಕಿರಲಿಲ್ಲ. ಹೊಲಗಳು ಸ್ಟಾಕ್ ಯಾರ್ಡ್ ಆಗಿದ್ದವು. ಶೇಂಗಾ ಬೆಳೆಯುತ್ತಿದ್ದ ಕೆಂಪು ಮಣ್ಣಿನ ಮೇಲೆ ಅದಕ್ಕಿಂತ ಕೆಂಪಾದ ಗುಡ್ಡೆ. ಅದರ ಸುತ್ತ ಗಂಡ, ಹೆಂಡತಿ, ಮಕ್ಕಳು ಸುತ್ತಿಗೆ ಹಿಡಿದು ಕೂತು ಅದಿರು ಒಡೆಯುತ್ತಿದ್ದರು. ಅದು ದಿನಗೂಲಿ ಆಗಿರಲಿಲ್ಲ, ಒಡೆದಷ್ಟಕ್ಕೆ ಕೂಲಿ. ಈ ವ್ಯತ್ಯಾಸ ಚಿಕ್ಕದು ಅನ್ನಿಸಬಹುದು, ಆದರೆ ಒಂದು ಪೀಳಿಗೆಯ ಓದು ಇದರಲ್ಲೇ ಹೋಯಿತು. ದಿನಗೂಲಿಯಾದರೆ ಮಗುವನ್ನು ಜೊತೆಗೆ ಕರೆದೊಯ್ದು ಲಾಭವಿಲ್ಲ. ಒಡೆದಷ್ಟಕ್ಕೆ ಕೂಲಿ ಅಂದಾಗ ಎಂಟು ವರ್ಷದ ಕೈಗೂ ಬೆಲೆ ಬಂದುಬಿಡುತ್ತದೆ. ಸ್ವಲ್ಪ ದೊಡ್ಡ ಹುಡುಗರು ಲಾರಿಗೆ ಕ್ಲೀನರ್ ಆಗಿ ಹತ್ತಿದರು. ಮನೆಗೆ ದುಡ್ಡು ಬಂತು, ಹೌದು. ಮಗುವಿನ ಕೈಯಿಂದಲೇ ಬಂದದ್ದರಿಂದ ಮಗುವನ್ನೇ ತೆಗೆದುಕೊಂಡು ಹೋಯಿತು.

ಇವತ್ತು ಅದಿರು ಒಡೆಯಲು ಯಂತ್ರ ಇದೆ. ಮೆಣಸಿನಕಾಯಿ ಬಿಡಿಸಲು ಇಲ್ಲ. ಕಂಪ್ಲಿ, ಕುರುಗೋಡು ಕಡೆ ಸಂಕ್ರಾಂತಿ ಆಸುಪಾಸಿನಿಂದ ಮೆಣಸಿನಕಾಯಿ ಸುಗ್ಗಿ. ಬೆಳಗಿನ ಚಳಿಯಲ್ಲಿ ಟಂಟಂಗಳು ತಲೆಗೆ ಟವಲ್ ಸುತ್ತಿಕೊಂಡ ಹೆಂಗಸರನ್ನು ತುಂಬಿಕೊಂಡು ಹೋಗುತ್ತವೆ, ಮಡಿಲಲ್ಲೊಂದು, ಬಗಲಲ್ಲೊಂದು ಮಗು. ಬಹಳ ಕಡೆ ಇಲ್ಲೂ ತೂಕದ ಮೇಲೇ ಕೂಲಿ. ಇನ್ನು ಸಂಡೂರು, ಕೂಡ್ಲಿಗಿ ಸೀಮೆಯ ತಾಂಡಾಗಳು ದೀಪಾವಳಿ ಕಳೆದದ್ದೇ ಕಬ್ಬು ಕಡಿಯಲು ಗುಳೆ ಹೊರಡುತ್ತವೆ. ಮನೆಗೆ ಬೀಗ, ಹೊಸ್ತಿಲಲ್ಲಿ ಮುದುಕಿ. ಶಾಲೆಯ ಹಾಜರಿ ಪುಸ್ತಕವನ್ನು ನವೆಂಬರ್‌ನಿಂದ ಮಾರ್ಚ್‌ವರೆಗೆ ತಿರುವಿ ನೋಡಿ. ಜೂನ್‌ನಲ್ಲಿ ಒತ್ತಾಗಿ ಕೂತಿದ್ದ ಹಾಜರಿಯ ಗುರುತುಗಳು ಒಂದೊಂದೇ ಸಾಲಿನಲ್ಲಿ ಕಡಿಮೆಯಾಗುತ್ತ ಬಂದು, ಫೆಬ್ರವರಿಯ ಹಾಳೆ ಇಲಿ ಕಡಿದ ಬಟ್ಟೆಯ ಹಾಗೆ ಕಾಣುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ ಕೊನೆಗೆ. ಮೆಣಸಿನಕಾಯಿಯ ಪಂಚಾಂಗಕ್ಕೂ ಶಿಕ್ಷಣ ಇಲಾಖೆಯ ಪಂಚಾಂಗಕ್ಕೂ ಇದುವರೆಗೆ ಒಬ್ಬರೂ ಕೂಡಾವಳಿ ಮಾಡಿಸಿಲ್ಲ.

ಈಗ ಶಾಲೆಗೆ ಹಾಕಿದ ದುಡ್ಡಿನ ಕಡೆ ಬರೋಣ. ಹೋಟೆಲಿನ ಗೆಳೆಯರು ಕೇಳುವ ಹಾಗೆ ದುಡ್ಡು ಶಾಲೆಗೆ ಬಂದೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯ ಒಂದು ಊರಿನ ಸರ್ಕಾರಿ ಶಾಲೆಗೆ ಹೋದ ವರ್ಷ ಹೋಗಿದ್ದೆ. ಊರಿನ ಹೆಸರು ಬೇಡ. ಆ ದಾರಿಯ ಅರ್ಧ ಊರುಗಳು ಹಾಗೇ ಇವೆ. ಕಾಂಪೌಂಡು ಹೊಸದು, ಅದರ ಮೇಲೆ ರೈಲಿನ ಡಬ್ಬಿಯ ಹಾಗೆ ಬಣ್ಣ. ಎರಡು ಹೊಸ ಕೊಠಡಿ, ಕರಿಕಲ್ಲಿನ ಫಲಕದಲ್ಲಿ ಬಂಗಾರದ ಬಣ್ಣದ ಅಕ್ಷರ, ಮೇಲಿನಿಂದ ಕೆಳಗೆ ಹನ್ನೊಂದು ಜನರ ಹೆಸರು. ಒಳಗೆ ಸ್ಮಾರ್ಟ್ ಬೋರ್ಡು. ಅದಕ್ಕೆ ಯಾರೋ ಮನೆಯಿಂದ ತಂದ ಹೂವಿನ ಚಿತ್ತಾರದ ಹಳೇ ಬೆಡ್‌ಶೀಟ್ ಹೊದಿಸಿದ್ದರು. “ಧೂಳ್ರಿ ಸರ್, ಟಿಪ್ಪರ್ ಹೋದಂಗೆಲ್ಲಾ ಬಂದು ಕುಂದರ್ತತಿ” ಎಂದರು ಅಲ್ಲಿದ್ದ ಮೇಡಮ್ಮು. ಬೋರ್ಡು ಕೊನೆಗೆ ಯಾವಾಗ ಹಚ್ಚಿದ್ದು ಎಂದು ಕೇಳಿದೆ. ಅವರು ನಕ್ಕರು. ಆ ಬೋರ್ಡು ಹಚ್ಚಿ ವಿಜ್ಞಾನ ಹೇಳಬೇಕಾದ ಮೇಷ್ಟ್ರ ಹುದ್ದೆ ಖಾಲಿ ಇತ್ತು. ಮೇಡಮ್ಮು ಸ್ವತಃ ಅತಿಥಿ ಶಿಕ್ಷಕಿ. ತಿಂಗಳಿಗೆ ಹತ್ತು-ಹನ್ನೆರಡು ಸಾವಿರ, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಅತಿಥಿ ಎಂಬ ಪದ ಇಷ್ಟು ಅಗ್ಗವಾದದ್ದು ನಮ್ಮ ಇಲಾಖೆಯಲ್ಲಿ ಮಾತ್ರ ಇರಬೇಕು. ಬಂದವರನ್ನು ಕೂರಿಸಿ ಉಣಬಡಿಸುವ ನಾಡಿನಲ್ಲಿ ಅತಿಥಿಯನ್ನೇ ವರ್ಷಗಟ್ಟಲೆ ಬಾಗಿಲಲ್ಲಿ ನಿಲ್ಲಿಸಿದ್ದೇವೆ.

ಎರಡು ಹೊಸ ಕೊಠಡಿಗೆ ದುಡ್ಡು ಇದೆ, ಒಬ್ಬ ಮೇಷ್ಟ್ರಿಗೆ ಇಲ್ಲ. ಯಾಕೆ? ಇದರಲ್ಲಿ ಯಾರ ದುಷ್ಟತನವನ್ನೂ ಹುಡುಕಬೇಕಿಲ್ಲ. ಕೊಠಡಿ ಎಂದರೆ ಕಾಮಗಾರಿ: ಅದಕ್ಕೆ ಎಸ್ಟಿಮೇಟು, ಟೆಂಡರು, ಬಿಲ್ಲು, ಫೋಟೊ, ಟೇಪು ಕತ್ತರಿಸುವ ಕತ್ತರಿ ಎಲ್ಲವೂ ಇದೆ. ಒಂದೇ ಸಲದ ಖರ್ಚು, ಮಾರ್ಚ್ ಒಳಗೆ ಮುಗಿಯುತ್ತದೆ. ಮೇಷ್ಟ್ರ ಸಂಬಳ ತಿಂಗಳು ತಿಂಗಳು ಬೇಕು, ನಿಲ್ಲಿಸಲು ಆಗದು, ಅದಕ್ಕೆ ಫಲಕ ಹಾಕಲೂ ಬರುವುದಿಲ್ಲ. ಹಾಗಾಗಿ ‘ಶಿಕ್ಷಣಕ್ಕೆ ಹೂಡಿಕೆ’ ಎಂಬ ಮಾತು ಜಿಲ್ಲಾ ಕೇಂದ್ರದಲ್ಲಿ ಹೊರಟು ಊರು ಮುಟ್ಟುವಷ್ಟರಲ್ಲಿ ಸಿಮೆಂಟಾಗಿರುತ್ತದೆ. ಗೋಡೆ ಬೇಡ ಎಂದು ನಾನು ಹೇಳುತ್ತಿಲ್ಲ. ಶೌಚಾಲಯ ಇಲ್ಲದ ಶಾಲೆಯಿಂದ ಮೊದಲು ಹೊರಬೀಳುವುದು ಏಳನೇ ಕ್ಲಾಸಿನ ಹುಡುಗಿ, ಅದು ಗೊತ್ತಿರುವುದೇ. ಆದರೆ ಗೋಡೆಗೆ ಹಾಕಿದ ದುಡ್ಡಿಗೆ ಶಿಕ್ಷಣ ಎಂಬ ಗೌರವದ ಹೆಸರು, ಮಗುವಿನ ದಿನಕ್ಕೆ ಹಾಕಿದ ದುಡ್ಡಿಗೆ ಬಿಟ್ಟಿ ಎಂಬ ಬೈಗುಳ, ಇದು ಯಾವ ನ್ಯಾಯ?

ತಮಾಷೆ ಎಂದರೆ ಕಾನೂನು ನಮ್ಮ ಹೋಟೆಲಿಗಿಂತ ಬುದ್ಧಿವಂತವಾಗಿದೆ. ಖನಿಜ ಪ್ರತಿಷ್ಠಾನದ ಹಣ ಹೇಗೆ ಖರ್ಚಾಗಬೇಕೆಂದು ಹೇಳುವ ಪ್ರಧಾನ ಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆ 2015ರ ಸೆಪ್ಟೆಂಬರ್‌ನಲ್ಲಿ ಬಂತು. ಕನಿಷ್ಠ ಶೇ 60ರಷ್ಟು ಹಣ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆ ಮತ್ತು ಮಕ್ಕಳು ಮುಂತಾದವಕ್ಕೆ ಹೋಗಬೇಕು ಎಂದಿತು. 2024ರಲ್ಲಿ ಅದನ್ನು ಶೇ 70ಕ್ಕೆ ಏರಿಸಿದರು. ಶಿಕ್ಷಣ ಎಂಬ ತಲೆಬರಹದ ಕೆಳಗೆ ಕಟ್ಟಡ, ಪ್ರಯೋಗಾಲಯ, ಗ್ರಂಥಾಲಯದ ಜೊತೆಯಲ್ಲೇ ಶಿಕ್ಷಕರ ನೇಮಕ ಇದೆ, ಮಕ್ಕಳ ಓಡಾಟಕ್ಕೆ ಬಸ್ಸು, ವ್ಯಾನು, ಸೈಕಲ್ ಇವೆ, ಪೌಷ್ಟಿಕ ಆಹಾರ ಇದೆ. ಅಂದರೆ ಮೊಟ್ಟೆಯೂ ಶಿಕ್ಷಣವೇ, ಸೈಕಲ್ಲೂ ಶಿಕ್ಷಣವೇ ಎಂದು ಸರ್ಕಾರಿ ಕಾಗದವೇ ಒಪ್ಪಿಕೊಂಡಿದೆ. ಒಪ್ಪದವರು ನಾವು.

ಮೊಟ್ಟೆಯ ಕಥೆ ಸ್ವಲ್ಪ ಹೇಳಬೇಕು. ಬಿಸಿಯೂಟ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಉತ್ತರದ ಏಳು ಜಿಲ್ಲೆಗಳಿಗೆ, ಬಳ್ಳಾರಿ ಅದರಲ್ಲೊಂದು; 2002ರ ಮಾತು. ಆಗಲೂ ಹೋಟೆಲುಗಳಲ್ಲಿ ಗೊಣಗಾಟ ಇತ್ತು, ಸಾಲಿ ಅಂದ್ರ ಖಾನಾವಳಿ ಏನ್ರಿ ಅಂತ. ಇವತ್ತು ಬಿಸಿಯೂಟ ನಿಲ್ಲಿಸಿ ಅನ್ನುವ ಧೈರ್ಯ ಯಾರಿಗೂ ಇಲ್ಲ. ಮುಂದೆ 2021ರ ಡಿಸೆಂಬರ್‌ನಲ್ಲಿ ಬಳ್ಳಾರಿಯೂ ಸೇರಿ ಏಳು ಜಿಲ್ಲೆಗಳಲ್ಲಿ ಮೊಟ್ಟೆ ಶುರುವಾಯಿತು. ಕೆಲವು ಸ್ವಾಮಿಗಳು ಬೇಡ ಎಂದು ಪಟ್ಟು ಹಿಡಿದರು. ಕಂಪ್ಲಿಯ ಸೇತುವೆ ದಾಟಿದರೆ ಗಂಗಾವತಿ; ಅಲ್ಲಿನ ಹೈಸ್ಕೂಲು ಹುಡುಗಿಯೊಬ್ಬಳು ಮೈಕ್ ಮುಂದೆ ನಿಂತು, ನಮಗೆ ಮೊಟ್ಟೆ ಬೇಕು, ಬೇಡ ಅಂದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದ ಮಾತು ಆಡಿದಳು. ನಾಡೆಲ್ಲ ಆ ವಿಡಿಯೊ ನೋಡಿತು. ಮರುವರ್ಷ ಮೊಟ್ಟೆ ರಾಜ್ಯಕ್ಕೆಲ್ಲ ಹರಡಿತು. ಆ ಹುಡುಗಿಯ ಮಾತಿನಲ್ಲಿ ಕೇಳಿದ್ದು ಭಿಕ್ಷೆಯ ದನಿ ಆಗಿರಲಿಲ್ಲ, ತನ್ನ ಪಾಲು ಕೇಳುವವಳ ದನಿ. ಇಂಥ ದನಿ ಹುಟ್ಟಿಸುವುದೇ ಶಾಲೆಯ ಕೆಲಸ ಅಂತ ನಾವು ನಂಬಿದ್ದರೆ, ಒಂದು ಮೊಟ್ಟೆ ಹತ್ತು ನಾಗರಿಕ ಶಾಸ್ತ್ರದ ಪಾಠದ ಕೆಲಸ ಮಾಡಿತು.

ಸೈಕಲ್ಲಿನ ಕಥೆ ಇದಕ್ಕಿಂತ ಬೇಸರದ್ದು. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದರು. ಏಳನೇ ಕ್ಲಾಸಿನವರೆಗೆ ಶಾಲೆ ಊರಲ್ಲೇ, ಹೈಸ್ಕೂಲು ನಾಲ್ಕೈದು ಕಿಲೋಮೀಟರ್ ಆಚೆ. ಹುಡುಗಿಯರ ಓದು ನಿಲ್ಲುತ್ತಿದ್ದುದು ಸರಿಯಾಗಿ ಆ ನಾಲ್ಕೈದು ಕಿಲೋಮೀಟರಿನಲ್ಲಿ. ಸಂಜೆ ಹೊತ್ತು ಹುಡುಗಿಯರು ಸಾಲುಗಟ್ಟಿ ಬೆಲ್ಲು ಹೊಡೆಯುತ್ತ ಊರಿಗೆ ಬರುವುದನ್ನು ನೋಡುವುದೇ ಒಂದು ಹಬ್ಬ. ಕೋವಿಡ್ ಹೊತ್ತಿಗೆ ಸೈಕಲ್ ನಿಂತಿತು, ಮತ್ತೆ ಬರಲಿಲ್ಲ. ಸೈಕಲ್ ಹೋಯಿತೆಂದು ಯಾವ ಹೋಟೆಲಿನಲ್ಲೂ ಯಾರೂ ಮೇಜು ಕುಟ್ಟಿದ್ದು ನಾನು ಕಾಣೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾಯಿತು. ಅದನ್ನು ಮಾತ್ರ ದಿನಾ ಕುಟ್ಟುತ್ತಾರೆ. ಟಿಕೆಟ್ಟು ಪುಕ್ಕಟೆಯಾದರೆ ಸಾಲದು, ತಾಂಡಾದ ಕ್ರಾಸಿನಲ್ಲಿ ಬೆಳಿಗ್ಗೆ ಎಂಟೂವರೆಗೆ ಬಸ್ಸೂ ನಿಲ್ಲಬೇಕು ಎಂಬ ಟೀಕೆ ಆದರೆ ನಾನೂ ಸೇರಿಕೊಳ್ಳುತ್ತೇನೆ. ಅವರದು ಆ ಟೀಕೆ ಅಲ್ಲ.

ಓದು ಬಂದರೆ ಜಾತಿ ಹೋಗುತ್ತದೆ, ಅದಕ್ಕೇ ಮೊದಲು ಓದಿಸಿ, ಆಮೇಲೆ ಉಳಿದದ್ದು ಎನ್ನುವವರೂ ಇದ್ದಾರೆ. ಇವರು ಒಳ್ಳೆಯವರು, ಹಾಗಾಗಿ ಇವರ ಜೊತೆ ಜಗಳ ಇನ್ನೂ ಕಷ್ಟ. ಸಂಡೂರಿನ ಗುಡ್ಡದ ಕುಮಾರಸ್ವಾಮಿ ಗುಡಿಯನ್ನೇ ನೋಡಿ. ಸಂಸ್ಥಾನದ ಕಾಲದಲ್ಲಿ, 1930ರ ದಶಕದ ಶುರುವಿನಲ್ಲಿ, ಘೋರ್ಪಡೆ ದೊರೆ ಆ ಗುಡಿಯ ಬಾಗಿಲನ್ನು ದಲಿತರಿಗೆ ತೆರೆದರು, ಗಾಂಧೀಜಿ ಮೆಚ್ಚಿಕೊಂಡರು. ಸಂಡೂರಿನ ಜನ ಆಗ ಎಷ್ಟು ಓದಿದ್ದರು? ಊರೆಲ್ಲ ಮೆಟ್ರಿಕ್ ಪಾಸಾಗಲಿ ಎಂದು ಕಾದು ಬಾಗಿಲು ತೆಗೆಯಲಿಲ್ಲ. ಒಂದು ಆಜ್ಞೆ ಹೊರಟಿತು, ಬಾಗಿಲು ತೆರೆಯಿತು. ಅರಸೊತ್ತಿಗೆಯ ಮೇಲೆ ನನಗೆ ಮೋಹವಿಲ್ಲ. ಹೇಳಹೊರಟದ್ದು ಇಷ್ಟು: ಕೆಲವು ಬಾಗಿಲುಗಳನ್ನು ತೆಗೆಯಲು ಓದು ಬೇಕಾಗಿಲ್ಲ, ತೆಗೆಯುವ ಮನಸ್ಸು ಬೇಕು. ಎಷ್ಟೋ ಸಲ ಬಾಗಿಲು ತೆಗೆದ ಮೇಲೇ ಓದು ಒಳಗೆ ಬರುತ್ತದೆ.

ನಮ್ಮ ಸೀಮೆಯಲ್ಲಿ ಅಂಥ ಒಂದು ಬಾಗಿಲು ಶಾಲೆಯ ಅರ್ಜಿಯಲ್ಲೇ ಇತ್ತು. ‘ತಂದೆಯ ಹೆಸರು’ ಎಂಬ ಗೆರೆ. ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿದರೂ ಸರ್ಕಾರದ ಸಮೀಕ್ಷೆಗಳು ರಾಜ್ಯದಲ್ಲಿ 46,660 ದೇವದಾಸಿಯರನ್ನು ಎಣಿಸಿದವು. ಹೊಸಪೇಟೆ, ಕೂಡ್ಲಿಗಿ ಸೀಮೆ ಆ ಎಣಿಕೆಯಲ್ಲಿ ಕಡಿಮೆಯದಲ್ಲ. ಅವರ ಮಗು ದಾಖಲಾತಿಗೆ ಬಂದಾಗ ಆ ಗೆರೆಯ ಮುಂದೆ ತಾಯಿಯ ಕಣ್ಣು ನೆಲ ನೋಡುತ್ತದೆ. ಕೆಲವರು ಮಾವನ ಹೆಸರು ಬರೆಸುತ್ತಾರೆ, ಕೆಲವರು ದೇವರ ಹೆಸರು. ಜಾತಿ ಪ್ರಮಾಣಪತ್ರಕ್ಕೆ ಮತ್ತೆ ಅದೇ ಗೆರೆ, ವಿದ್ಯಾರ್ಥಿವೇತನಕ್ಕೆ ಅದೇ, ಹಾಸ್ಟೆಲಿಗೆ ಅದೇ. ಹತ್ತು ವರ್ಷದಲ್ಲಿ ಹತ್ತು ಸಲ ಅದೇ ಪ್ರಶ್ನೆ. 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ಕಾಯ್ದೆ ಈ ಮಕ್ಕಳು ತಂದೆಯ ಹೆಸರು ಹೇಳಲೇಬೇಕೆಂಬ ಕಟ್ಟುಪಾಡನ್ನು ತೆಗೆಯಲು ಹೊರಟಿದೆ. ಒಂದು ಗೆರೆ ಅಳಿಸಲು ಒಂದು ಪೈಸೆ ಬೇಡ. ನಲವತ್ತಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಕಟ್ಟಿದ ಕೊಠಡಿಗಳಿಗೆ ಲೆಕ್ಕವಿಲ್ಲ.

ಬಡವರು ಬಡವರಾಗಿರುವುದು ಕಲಿಯದ್ದಕ್ಕೆ ಎಂಬುದೂ ಪೂರ್ತಿ ಸರಿಯಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. 2023ರ ಜುಲೈನಲ್ಲಿ ಜಿ-20 ಸಭೆ ಹಂಪಿಯಲ್ಲಿ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ಕಸೂತಿಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಕನ್ನಡಿ ತುಣುಕಿನ ಸುತ್ತ ನೂಲು ಓಡಿಸುವ ಆ ಬೆರಳುಗಳದು ವಿದ್ಯೆಯಲ್ಲ ಎನ್ನುವವರು ಒಂದು ಚೌಕ ಹೊಲಿದು ತೋರಿಸಲಿ. ವಿದ್ಯೆ ಇದೆ. ಅದಕ್ಕೆ ಬೆಲೆ ಕಟ್ಟುವ ಅಧಿಕಾರ ಅವರ ಕೈಯಲ್ಲಿಲ್ಲ.

ಅದೇ ಹಂಪಿ. 2011ರ ಜುಲೈ ಕೊನೆಯಲ್ಲಿ, ಗಣಿ ನಿಂತ ದಿನಗಳಲ್ಲೇ, ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಮನೆ-ಅಂಗಡಿಗಳ ಮೇಲೆ ಜೆಸಿಬಿ ಹರಿಯಿತು. ಸಾಲುಮಂಟಪಗಳು ಪರಂಪರೆ, ಅವುಗಳೊಳಗೆ ತಲೆಮಾರಿನಿಂದ ಬದುಕಿದವರು ಅತಿಕ್ರಮಣ. ಕಡ್ಡಿರಾಂಪುರದಲ್ಲಿ ನಿವೇಶನ ಕೊಡುವುದಕ್ಕೆ ವರ್ಷಗಳೇ ಹಿಡಿದವು. ಆ ನಡುವೆ ಆ ಮನೆಗಳ ಮಕ್ಕಳ ಓದು ಏನಾಯಿತೆಂದು ಯಾವ ಇಲಾಖೆಯೂ ಕೇಳಿದಂತಿಲ್ಲ. ಮನೆ ಕೆಡವಿದ್ದು ಶಿಕ್ಷಣದ ಲೆಕ್ಕಕ್ಕೆ ಬರುವುದಿಲ್ಲವಲ್ಲ. ಅಲ್ಲೇ ಸಮೀಪ, 1991ರಲ್ಲಿ ಚಂದ್ರಶೇಖರ ಕಂಬಾರರ ಮುಂದಾಳತ್ವದಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಫೆಲೋಶಿಪ್‌ಗಾಗಿ ಧರಣಿ ಕೂತದ್ದನ್ನು ನಾಡು ಕಂಡಿದೆ. ಅವರಲ್ಲಿ ಎಷ್ಟೋ ಮಂದಿ ತಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತವರು. ಕಟ್ಟಡ ಚೆಂದ ಇದೆ ಅಲ್ಲಿಯೂ.

ತುಂಗಭದ್ರಾ ಕಾಲುವೆ ಬಲ್ಲವರಿಗೆ ಇದೆಲ್ಲ ಹೊಸದಾಗಬಾರದು. ಡ್ಯಾಮಿನಲ್ಲಿ ನೀರು ಎಷ್ಟೇ ಇರಲಿ, ಕೊನೆ ಭಾಗದ ರೈತನಿಗೆ ಅದು ಮುಟ್ಟುವುದಿಲ್ಲ. ಮಿತ ನೀರಿನ ಬೆಳೆಗೆಂದು ಗೊತ್ತುಮಾಡಿದ ನೆಲದಲ್ಲಿ ಮೇಲ್ಭಾಗದವರು ಭತ್ತ ನಾಟಿ ಮಾಡುತ್ತಾರೆ, ರಾತ್ರಿ ಪಂಪ್ ಇಡುತ್ತಾರೆ. ಕೊನೆ ಭಾಗದವರು ಧರಣಿ ಕೂತಾಗ, ಡ್ಯಾಮಿಗೆ ಇನ್ನೂ ನೀರು ತುಂಬಿಸಿ, ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕಂಪ್ಲಿಯ ಚಿಕ್ಕ ಮಗುವೂ ನಗುತ್ತದೆ. ಶಿಕ್ಷಣದ ವಿಷಯಕ್ಕೆ ಬಂದಾಗ ಅದೇ ಮಾತನ್ನು ನಾವು ಗಂಭೀರವಾಗಿ ಆಡುತ್ತೇವೆ. 371(ಜೆ) ಸೀಟುಗಳನ್ನೇ ನೋಡಿ. ನಮ್ಮ ಭಾಗಕ್ಕೆ ದೊಡ್ಡ ವರ, ಅನುಮಾನವಿಲ್ಲ; ವೈದ್ಯಕೀಯ ಸೀಟು, ಸರ್ಕಾರಿ ಹುದ್ದೆ ಎರಡರಲ್ಲೂ ಪಾಲು ಸಿಕ್ಕಿತು. ಆದರೆ ಆ ಸೀಟಿನವರೆಗೆ ಹೋಗಿ ನಿಲ್ಲಲು ಪಿಯುಸಿ ವಿಜ್ಞಾನ ಬೇಕು, ಕೋಚಿಂಗ್ ಬೇಕು. ಹೊಸಪೇಟೆಯ ಬಡಾವಣೆಯ ಮನೆಗೆ ಅದು ಮುಟ್ಟಿತು. ಅದೇ ಜಾತಿಯ, ಅದೇ ಪಟ್ಟಿಯ, ಬೈಲುವದ್ದಿಗೇರಿಯ ಕೂಲಿ ಮನೆಗೆ ಮುಟ್ಟಲು ಕಾಲುವೆ ಇನ್ನೂ ಉದ್ದ ಇದೆ. ಒಂದೇ ಮನೆಯೊಳಗೂ ಮೇಲ್ಭಾಗ, ಕೊನೆ ಭಾಗ ಇವೆ: ಮಗ ಹಳದಿ ವ್ಯಾನು ಹತ್ತಿ ಕಾನ್ವೆಂಟಿಗೆ, ಮಗಳು ನಡೆದುಕೊಂಡು ಸರ್ಕಾರಿ ಶಾಲೆಗೆ.

ನನ್ನ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಕೈಗೆ ದುಡ್ಡು ಕೊಟ್ಟರೆ ಅದು ಮಗುವಿನ ಓದಿಗೇ ಹೋಗುತ್ತದೆಂದು ಯಾರು ಹೇಳಿದರು? ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಸುಗ್ಗಿಯ ಕಾಲದ ದುಡ್ಡು ಓದನ್ನು ಕೊಂದದ್ದನ್ನು ನಾನೇ ಮೇಲೆ ಬರೆದಿದ್ದೇನೆ. ಸರ್ಕಾರ ಹೆಂಗಸರ ಖಾತೆಗೆ ಹಾಕುವ ಗೃಹಲಕ್ಷ್ಮಿಯ ಎರಡು ಸಾವಿರ ಸಾಲದ ಕಂತಿಗೆ ಹೋಗಬಹುದು, ಗಂಡನ ಜೇಬಿಗೂ ಹೋಗಬಹುದು. ಆದರೆ ಮೆಣಸಿನಕಾಯಿ ಸುಗ್ಗಿಯಲ್ಲಿ ಮಗಳನ್ನು ಜೊತೆಗೆ ಕರೆದೊಯ್ಯಬೇಕೋ ಬೇಡವೋ ಎಂದು ತಾಯಿ ರಾತ್ರಿ ಕೂತು ಲೆಕ್ಕ ಹಾಕುವಾಗ, ಆ ಲೆಕ್ಕದಲ್ಲಿ ಮಗಳ ಎರಡು ಕೈಯ ಕೂಲಿಗೆ ಎದುರಾಗಿ ಇಡಲು ಏನಾದರೂ ಬೇಕು. ಸ್ಮಾರ್ಟ್ ಬೋರ್ಡನ್ನು ಆ ತಕ್ಕಡಿಗೆ ಇಡಲು ಬರುವುದಿಲ್ಲ. ಮಧ್ಯಾಹ್ನದ ಮೊಟ್ಟೆ, ಪುಕ್ಕಟೆ ಬಸ್ಸು, ಗುಳೆ ಹೋದಾಗ ಮಗುವನ್ನು ನಂಬಿ ಬಿಟ್ಟುಹೋಗಬಹುದಾದ ಹಾಸ್ಟೆಲು, ತಿಂಗಳ ಎರಡು ಸಾವಿರ, ಇವನ್ನು ಇಡಬಹುದು. ಆಗಲೂ ತಕ್ಕಡಿ ಕೂಲಿಯ ಕಡೆಗೇ ವಾಲಬಹುದು. ಕನಿಷ್ಠ ತೂಗಿ ನೋಡಲು ಎರಡು ತಟ್ಟೆ ಇರುತ್ತವೆ.

ಇನ್ನು ಕಾಯುವ ವಿಷಯ. ಗಣಿ ನಿಂತ ವರ್ಷವೇ, 2011ರ ಜೂನ್‌ನಲ್ಲಿ, ಒಂದನೇ ಕ್ಲಾಸಿಗೆ ಸೇರಿದ ಮಗುವೊಂದನ್ನು ನೆನೆಸಿಕೊಳ್ಳಿ. ಗಣಿಬಾಧಿತರ ಹಣ ಕೂಡುತ್ತ ಹೋಯಿತು, ಕೋರ್ಟಿನಲ್ಲಿ ಅರ್ಜಿಗಳು ಕೂಡುತ್ತ ಹೋದವು. ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರ ಉಸ್ತುವಾರಿಯಲ್ಲಿ ಆ ಹಣ ಖರ್ಚಾಗಲು ದಾರಿ ತೆರೆದದ್ದು 2022ರಲ್ಲಿ. ಅಷ್ಟೊತ್ತಿಗೆ ಆ ಮಗು ದ್ವಿತೀಯ ಪಿಯುಸಿಗೆ ಬಂದಿರಬೇಕು, ಶಾಲೆಯಲ್ಲೇ ಉಳಿದಿದ್ದರೆ. ಅದಿರು ಇನ್ನೂ ನೂರು ವರ್ಷ ನೆಲದೊಳಗೆ ಕಾಯುತ್ತದೆ, ಏನೂ ಆಗುವುದಿಲ್ಲ. ಏಳನೇ ಕ್ಲಾಸು ಒಂದು ವರ್ಷವೂ ಕಾಯುವುದಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಊರಿನ ಗ್ರಾಮಸಭೆಗೆ ಹೋಗಿದ್ದೆ. ಖನಿಜ ನಿಧಿಯಿಂದ ಏನು ಬೇಕು ಹೇಳಿ ಎಂದರು ಬಂದಿದ್ದ ಎಂಜಿನಿಯರು, ಸಜ್ಜನ, ಸಿಟ್ಟಿಲ್ಲದ ಮನುಷ್ಯ. ಗಂಡಸರು ಸಮುದಾಯ ಭವನ ಕೇಳಿದರು, ಗುಡಿಯ ಮುಂದೆ ಪೇವರ್ಸ್ ಕೇಳಿದರು. ಹಿಂದೆ ಕೂತಿದ್ದ ಒಬ್ಬ ತಾಯಿ ಎದ್ದು ಹೇಳಿದಳು, “ಯಣ್ಣಾ, ಹುಡುಗ್ಯಾರಿಗೆ ಹೈಸ್ಕೂಲಿಗೆ ಹೋಗಾಕ ಒಂದು ಬಸ್ಸು ಮಾಡಿಕೊಡ್ರಿ. ನಾಕು ಹುಡುಗ್ಯಾರು ಬಿಟ್ಟು ಕುಂತಾವ.” ಎಂಜಿನಿಯರು ಪೆನ್ನು ಎತ್ತಿ, ಸ್ವಲ್ಪ ಯೋಚಿಸಿ, ಕೆಳಗಿಟ್ಟರು.

“ಬಸ್ಸಿಗೆ ಎಸ್ಟಿಮೇಟ್ ಹಾಕಾಕ ಬರಲ್ಲಮ್ಮ,” ಎಂದರು. “ಬೇಕಾದ್ರ ಒಂದು ಬಸ್ ಸ್ಟ್ಯಾಂಡ್ ಬರ್ಕೊಳ್ತೀನಿ.”

ಬರೆದುಕೊಂಡರು. ಈ ಸಲ ಆ ದಾರಿಯಲ್ಲಿ ಹೋದಾಗ ನೋಡಿದೆ. ತಗಡು ಹೊಸದು, ಕರಿಕಲ್ಲಿನ ಫಲಕವೂ ಬಂದಿದೆ.